ದೋಆಬಿನಲ್ಲಿ ಸಮಾಜ ವಿಜ್ಞಾನ: ಉಸ್ಮಾನಿಯಾದಿಂದ ಯರಗೇರಾವರೆಗೆ

ಡಾ. ಡಿ.ಎಂ. ನಂಜುಂಡಪ್ಪ ಅಧ್ಯಕ್ಷತೆಯ ಉನ್ನತಾಧಿಕಾರ ಸಮಿತಿ 2002ರ ಜೂನ್‌ನಲ್ಲಿ ಪ್ರಾದೇಶಿಕ ಅಸಮತೋಲನ ಕುರಿತ ವರದಿಯನ್ನು ಸರ್ಕಾರಕ್ಕೆ ಒಪ್ಪಿಸಿತು. ಆಗಿದ್ದ 175 ತಾಲ್ಲೂಕುಗಳನ್ನು 35 ಸೂಚಕಗಳಲ್ಲಿ ಅಳೆದು, ರಾಜ್ಯದ ಸರಾಸರಿಯನ್ನು 1 ಎಂದು ಹಿಡಿದು, ಪ್ರತಿ ತಾಲ್ಲೂಕಿಗೂ ಒಂದು ಅಂಕ ಕೊಟ್ಟಿತ್ತು. ದೇವದುರ್ಗಕ್ಕೆ ಸಿಕ್ಕಿದ್ದು 0.53. ಅದಕ್ಕಿಂತ ಕೆಳಗೆ ರಾಜ್ಯದಲ್ಲಿ ಇನ್ನೊಂದು ತಾಲ್ಲೂಕು ಇರಲಿಲ್ಲ. ಹಿಂದುಳಿದವು ಎಂದು ಗುರುತಾದ 114 ತಾಲ್ಲೂಕುಗಳಲ್ಲಿ 39 'ಅತ್ಯಂತ ಹಿಂದುಳಿದವು'. ಅವುಗಳಲ್ಲಿ 21 ಅಂದಿನ ಗುಲ್ಬರ್ಗ ವಿಭಾಗದವು. ಮಾನ್ವಿಯೂ ಆ 39ರ ಪಟ್ಟಿಯಲ್ಲಿತ್ತು.

ನಮ್ಮ ಭಾಗದ ಸಮಾಜ ವಿಜ್ಞಾನಗಳ ಇತಿಹಾಸವನ್ನು ಇಲ್ಲಿಂದಲೇ ಶುರುಮಾಡಲು ಒಂದು ಕಾರಣವಿದೆ. ವಿಶ್ವವಿದ್ಯಾಲಯದಲ್ಲಿ ಕಲಿತ, ಕಲಿಸಿದ ವಿದ್ಯೆಯೊಂದು ಚಹಾದಂಗಡಿಯ ಮಾತಿನವರೆಗೆ ಇಳಿದು ಬಂದದ್ದು ಇಲ್ಲಿ ಈ ಒಂದು ಸಲವೇ. ರಾಯಚೂರಿನಲ್ಲಿ ಯಾವ ಧರಣಿಗೆ ಹೋಗಿ ನಿಂತರೂ ನಂಜುಂಡಪ್ಪ ವರದಿಯ ಹೆಸರು ಕೇಳುತ್ತದೆ. ವರದಿಯ ಮೇರೆಗೆ ಎಂಟು ವರ್ಷಗಳಿಗೆ 31,000 ಕೋಟಿ ರೂಪಾಯಿಯ ವಿಶೇಷ ಅಭಿವೃದ್ಧಿ ಯೋಜನೆಯ ಲೆಕ್ಕ ಬಂತು. ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿಗಾಗಿ ನಡೆದ ಹೋರಾಟಕ್ಕೂ ಅದೇ ಆಧಾರವಾಯಿತು. ಆ ವಿಧಿಯನ್ನು ಸೇರಿಸಿದ 98ನೇ ತಿದ್ದುಪಡಿ 2013ರಲ್ಲಿ ಜಾರಿಗೆ ಬಂತು. ನಂಜುಂಡಪ್ಪನವರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು, ಅಲ್ಲಿಯೂ ಬೆಂಗಳೂರಿನಲ್ಲಿಯೂ ಕುಲಪತಿಯಾಗಿದ್ದವರು. ಭಾವನೆಯ ಮಾತಾಗಿದ್ದ 'ನಮಗೆ ಅನ್ಯಾಯವಾಗಿದೆ' ಎಂಬುದನ್ನು ಅವರು ದಶಮಾಂಶಕ್ಕೆ ಇಳಿಸಿದರು. ಸರ್ಕಾರಗಳಿಗೆ ಅರ್ಥವಾಗುವುದು ಆ ಭಾಷೆಯೇ.

ಆದರೆ ಈ ಅಂಕ ನಮ್ಮನ್ನು ಕುರಿತದ್ದೇ ಹೊರತು ನಾವು ತೆಗೆದದ್ದಲ್ಲ. ಕೃಷ್ಣೆ–ತುಂಗಭದ್ರೆಯರ ನಡುವಿನ ಈ ನೆಲವನ್ನು ಅಳೆದವರು, ಬರೆದವರು ನೂರು ವರ್ಷಗಳಿಂದ ಹೆಚ್ಚುಕಡಿಮೆ ಹೊರಗಿನವರೇ. ಅವರ ಕೆಲಸ ಕೀಳೆಂದು ಹೇಳುತ್ತಿಲ್ಲ, ಬಹಳಷ್ಟು ಒಳ್ಳೆಯದೇ. ಅಳೆದವರು ಅಳತೆ ಮುಗಿಸಿ ಹೊರಟರು, ಕಾಗದಗಳೂ ಅವರ ಜೊತೆಗೇ ಹೋದವು. ಈ ಲೇಖನದ ಚಿಂತೆ ಅದು.

ಮೊದಲು ಹೈದರಾಬಾದ್. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಭಾರತದ ಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಕೊಡಲು ಹೊರಟ ದೊಡ್ಡ ಪ್ರಯೋಗ. ಆ ಭಾಷೆ ಉರ್ದು. ರಾಯಚೂರಿನ ಕನ್ನಡ ಹುಡುಗನಿಗೆ ಅರ್ಥಶಾಸ್ತ್ರ ಓದಬೇಕೆಂದರೆ ಮೊದಲು ಉರ್ದು ಗಟ್ಟಿಮಾಡಿಕೊಳ್ಳಬೇಕು, ಆಮೇಲೆ ರೈಲು ಹತ್ತಬೇಕು. ಸಂಸ್ಥಾನದ ಜನರ ಬಗ್ಗೆ ಬರೆದದ್ದೂ ಆಡಳಿತದ ಅನುಕೂಲಕ್ಕೇ: ಸೈಯದ್ ಸಿರಾಜ್ ಉಲ್ ಹಸನ್ 1920ರಲ್ಲಿ ನಿಜಾಮ್ ಸಂಸ್ಥಾನದ ಜಾತಿ–ಬುಡಕಟ್ಟುಗಳ ದೊಡ್ಡ ಪುಸ್ತಕ ತಂದರು. ಜಾತಿಗೊಂದು ಅಧ್ಯಾಯ, ಮದುವೆ, ಸಾವು, ದೇವರು, ಕಸುಬು. ಸಾಲದ ಲೆಕ್ಕಕ್ಕೆ ಅಂಥ ಪುಸ್ತಕದಲ್ಲಿ ಜಾಗವಿಲ್ಲ. ಅದನ್ನು ಹುಡುಕಿದವರು ಅರ್ಥಶಾಸ್ತ್ರಜ್ಞ ಎಸ್. ಕೇಶವ ಅಯ್ಯಂಗಾರ್. 1929–30ರಲ್ಲಿ ಒಮ್ಮೆ, ಪೊಲೀಸ್ ಕಾರ್ಯಾಚರಣೆಯ ನಂತರ 1949–51ರಲ್ಲಿ ಮತ್ತೊಮ್ಮೆ ಸಂಸ್ಥಾನದ ಹಳ್ಳಿಗಳ ಆರ್ಥಿಕ ವಿಚಾರಣೆ ನಡೆಸಿದರು. ಹಿಡುವಳಿ, ಕೂಲಿ, ಸಾಲ, ಬಡ್ಡಿ ಮೊದಲ ಬಾರಿಗೆ ಕ್ರಮವಾಗಿ ಕಾಗದಕ್ಕೆ ಬಂದದ್ದು ಹೀಗೆ. ಹಳ್ಳಿಯ ಸಮಾಜಶಾಸ್ತ್ರದಲ್ಲಿ ಉಸ್ಮಾನಿಯಾ ಹೆಸರು ಮಾಡಿದ್ದು ಎಸ್.ಸಿ. ದುಬೆಯವರ ಶಾಮೀರ್‌ಪೇಟ್ ಅಧ್ಯಯನದಿಂದ, 1955ರಲ್ಲಿ ಪುಸ್ತಕವಾಯಿತು. ಹಲವು ವಿಭಾಗಗಳ ಅಧ್ಯಾಪಕರು, ವಿದ್ಯಾರ್ಥಿಗಳು ಒಂದೇ ಊರಿಗೆ ಹೋಗಿ ಕೂತು ಮಾಡಿದ ಕೆಲಸ. ರಾಜಧಾನಿಯ ಮಗ್ಗುಲಿನ ಊರಿಗೆ ಆ ಭಾಗ್ಯ ಸಿಕ್ಕಿತು. ಮಾನ್ವಿಗೋ ಗಬ್ಬೂರಿಗೋ ಅಂಥ ತಂಡ ಬರಲಿಲ್ಲ.

ನಮ್ಮ ಕಡೆ ಬಂದವರು ಪ್ರಾಚೀನವನ್ನು ಅಗೆಯುವವರು. 1915ರಲ್ಲಿ ಮಸ್ಕಿಯ ಅಶೋಕ ಶಾಸನ ಸಿಕ್ಕಿತು. 1952ರಲ್ಲಿ ಎಫ್.ಆರ್. ಆಲ್ಚಿನ್ ಪಿಕ್ಲಿಹಾಳದಲ್ಲಿ ಉತ್ಖನನ ಮಾಡಿದರು. ಮುಂದೆ ಈ ಸೀಮೆಯ ಬೂದಿದಿಬ್ಬಗಳನ್ನು ಅವರು ನವಶಿಲಾಯುಗದ ದನಗಾಹಿಗಳ ದೊಡ್ಡಿಗಳೆಂದು ವಿವರಿಸಿದ್ದು ದಕ್ಷಿಣ ಭಾರತದ ಪೂರ್ವೇತಿಹಾಸವನ್ನೇ ಬದಲಿಸಿತು. ನಾಲ್ಕು ಸಾವಿರ ವರ್ಷದ ಹಿಂದೆ ಇಲ್ಲಿ ದನ ಕಾಯ್ದವರ ಬಗ್ಗೆ ಅಷ್ಟು ಗೊತ್ತಾದ ಕಾಲದಲ್ಲಿ, ಕಣ್ಣೆದುರು ದನ ಕಾಯುತ್ತಿದ್ದ ಜೀತದ ಹುಡುಗನ ಬಗ್ಗೆ ಒಂದು ಪುಟವೂ ಇರಲಿಲ್ಲ.

1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ವಿಶ್ವವಿದ್ಯಾಲಯದ ದಿಕ್ಕು ಪೂರ್ವದಿಂದ ಪಶ್ಚಿಮಕ್ಕೆ ತಿರುಗಿ ಧಾರವಾಡವಾಯಿತು. 1970ರಲ್ಲಿ ಗುಲ್ಬರ್ಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಶುರುವಾಯಿತು. ಅದೇ ಬೆಳೆದು 1980ರಲ್ಲಿ ಗುಲ್ಬರ್ಗ ವಿಶ್ವವಿದ್ಯಾಲಯ ಆದಾಗ ನಮ್ಮ ಮಕ್ಕಳು ಎಂ.ಎ.ಗೆ ಧಾರವಾಡದ ಮಳೆ ಕಾಣಬೇಕಾದ ಪ್ರಮೇಯ ತಪ್ಪಿತು. ಮುಂದೆ ರಾಯಚೂರಿನ ಬಳಿಯ ಯರಗೇರಾದಲ್ಲಿ ಅದರದೇ ಸ್ನಾತಕೋತ್ತರ ಕೇಂದ್ರ ಬಂತು. ಪದವಿ ಕಾಲೇಜುಗಳಲ್ಲಿ ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರದ ತರಗತಿ ತುಂಬಿದವು. 'ಎಚ್.ಇ.ಎಸ್.' ತೆಗೆದುಕೊಂಡವರನ್ನು ದಡ್ಡರೆಂದು ನೋಡುವ ಚಾಳಿಯೂ ಜೊತೆಗೇ ಬೆಳೆಯಿತು. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರು ಹೆಚ್ಚಾಗಿ ಇದೇ ವಿಷಯಗಳಿಂದ ಪದವೀಧರರಾದರು, ಶಿಕ್ಷಕರಾದರು, ಪಿಡಿಒಗಳಾದರು. ಒಂದು ಸಮಾಜ ತನ್ನನ್ನು ತಾನು ಓದಿಕೊಳ್ಳಲು ಶುರುಮಾಡಿದ್ದು ಹೀಗೆ, ತನಗೇ ಗೊತ್ತಿಲ್ಲದಂತೆ.

ಇದೇ ಅವಧಿಯಲ್ಲಿ ಜಿಲ್ಲೆಯ ಸಮಾಜ ಎರಡು ಕಾಲುವೆಗಳಿಂದ ಅಡಿಮೇಲಾಯಿತು. ಮಾನ್ವಿಯ ಕಥೆ ತುಂಗಭದ್ರಾ ಎಡದಂಡೆಯದು. 227 ಕಿಲೋಮೀಟರ್ ಉದ್ದದ ಕಾಲುವೆ, ಸುಮಾರು 2.4 ಲಕ್ಷ ಹೆಕ್ಟೇರ್ ಅಚ್ಚುಕಟ್ಟು. ಗಂಗಾವತಿ, ಸಿಂಧನೂರು ದಾಟಿ ನೀರು ಮಾನ್ವಿ, ರಾಯಚೂರಿಗೆ ಬರಬೇಕು. ಯೋಜನೆ ಮಾಡಿದವರ ಲೆಕ್ಕದಲ್ಲಿ ಇದು ಬರಗಾಲ ತಡೆಯುವ ನೀರಾವರಿ: ನೆಲ್ಲಿಗೆ ಸ್ವಲ್ಪ ಜಾಗ, ಉಳಿದಲ್ಲೆಲ್ಲ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆ. ಯಾವ ಸರ್ವೆ ನಂಬರಿನಲ್ಲಿ ಏನು ಬೆಳೆಯಬೇಕೆಂದು ಕಾಗದದ ಮೇಲೆ ನಿಗದಿಯೂ ಆಗಿತ್ತು. ಆದರೆ ಕರಾವಳಿ ಆಂಧ್ರದಿಂದ ಅನುಭವಸ್ಥ ರೈತರು ಬಂದು ಇಲ್ಲಿಯ ಎರಿ ಹೊಲ ಕೊಂಡರು, ಕ್ಯಾಂಪುಗಳನ್ನು ಕಟ್ಟಿದರು, ನೆಲ್ಲು ಹಚ್ಚಿದರು. ಅವರನ್ನು ನೋಡಿ ನಮ್ಮವರೂ ಕಲಿತರು. ಮೇಲ್ಭಾಗದಲ್ಲಿ ಗದ್ದೆ ಹರಡಿದಂತೆಲ್ಲ ಕೆಳಭಾಗದಲ್ಲಿ ಕಾಲುವೆ ಬತ್ತಿತು. ಮಾನ್ವಿಯ ಕೆಳಭಾಗದ ರೈತರು ನೀರಿಗಾಗಿ ಹೆದ್ದಾರಿ ತಡೆಯುವುದು ಇಂದಿಗೂ ಸುದ್ದಿಯಾಗದಷ್ಟು ಮಾಮೂಲಿ.

ಇದನ್ನು ಕೂಲಂಕಷವಾಗಿ ಬರೆದವರು ಡಚ್ ವಿದ್ವಾಂಸ ಪೀಟರ್ ಮೊಲಿಂಗಾ. ನೆದರ್‌ಲ್ಯಾಂಡ್ಸಿನ ವ್ಯಾಖೆನಿಂಗನ್ ಕೃಷಿ ವಿಶ್ವವಿದ್ಯಾಲಯದ ಅವರ ಪಿಎಚ್‌.ಡಿ. ಪ್ರಬಂಧ ಮುಂದೆ 'ಆನ್ ದ ವಾಟರ್‌ಫ್ರಂಟ್' ಎಂಬ ಪುಸ್ತಕವಾಯಿತು. ಎಂಜಿನಿಯರಿಂಗ್ ಓದಿದವರು ತೂಬಿನ ಅಳತೆ ನೋಡುತ್ತಾರೆ, ರಾಜ್ಯಶಾಸ್ತ್ರದವರು ಶಾಸಕರ ಕಡೆ ನೋಡುತ್ತಾರೆ. ಮೊಲಿಂಗಾ ತೂಬಿನ ಬಳಿಯೇ ನಿಂತು ಎರಡನ್ನೂ ನೋಡಿದರು. ಗೇಟು ಎಷ್ಟು ಎತ್ತಬೇಕು ಎಂಬುದನ್ನು ನಿರ್ಧರಿಸುವಾಗ ಕೆಳದರ್ಜೆಯ ನೌಕರ, ಮೇಲ್ಭಾಗದ ಭೂಮಾಲೀಕ, ಕೆಳಭಾಗದ ಸಣ್ಣ ರೈತ, ಸ್ಥಳೀಯ ರಾಜಕಾರಣಿ ಎಲ್ಲರೂ ಅಲ್ಲಿರುತ್ತಾರೆ; ನೀರು ಹಂಚುವ ತಂತ್ರವೇ ಒಂದು ರಾಜಕಾರಣ ಎಂಬುದು ಅವರ ವಾದದ ತಿರುಳು. ಜಗತ್ತಿನ ನೀರಾವರಿ ಅಧ್ಯಯನಗಳಲ್ಲಿ ನಮ್ಮ ಕಾಲುವೆಗೆ ಖಾಯಂ ಜಾಗ ಸಿಕ್ಕಿದ್ದು ಇದರಿಂದ. ಹೊಟ್ಟೆಕಿಚ್ಚಿನಿಂದ ಕೇಳುತ್ತೇನೆ: ನಮ್ಮ ಕಾಲೇಜುಗಳ ಸಾವಿರಾರು ವಿದ್ಯಾರ್ಥಿಗಳ ಅಪ್ಪಂದಿರು ರಾತ್ರಿ ಬ್ಯಾಟರಿ ಹಿಡಿದು ಕಾಲುವೆ ಕಾಯ್ದವರು. ಮನೆಯ ಕಟ್ಟೆಯ ಮೇಲೆ ಕೇಳಿದ ಜಗಳವೇ ಪ್ರಬಂಧದ ವಿಷಯ ಆಗಬಹುದೆಂದು ಅವರಿಗೆ ನಾವು ಯಾಕೆ ಹೇಳಲಿಲ್ಲ? ಪಠ್ಯದಲ್ಲಿ ದುರ್ಖೀಮ್, ವೇಬರ್ ಇದ್ದರು, ಇರಲಿ, ಇರಬೇಕು. ಆದರೆ ಪರೀಕ್ಷೆಗೆ ಮಾತ್ರ ಇದ್ದರು.

ದೇವದುರ್ಗಕ್ಕೆ ನೀರು ತಡವಾಗಿ, ಬೇರೆ ದಾರಿಯಿಂದ ಬಂತು: ಕೃಷ್ಣೆಯಿಂದ, ನಾರಾಯಣಪುರ ಬಲದಂಡೆ ಕಾಲುವೆಯ ಮೂಲಕ. ಈಗ ಅಲ್ಲಿ ನೆಲ್ಲು, ಹತ್ತಿ, ಮೆಣಸಿನಕಾಯಿ ಇವೆ, ಟ್ರ್ಯಾಕ್ಟರ್ ಶೋರೂಮುಗಳಿವೆ. ಹಾಗಿದ್ದೂ ದೇವದುರ್ಗದ ಹೆಸರು ಗುಳೆಯ ಜೊತೆಗೇ ಕೇಳಿಬರುತ್ತದೆ. ಸುಗ್ಗಿ ಮುಗಿಯುತ್ತಲೇ ಮೇಸ್ತ್ರಿಯಿಂದ ಮುಂಗಡ ತೆಗೆದುಕೊಂಡ ಕುಟುಂಬಗಳು ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಪುಣೆ–ಮುಂಬೈ ಕಡೆಗೆ ಹೊರಡುತ್ತವೆ. ಮುದುಕರು, ಕೆಲವು ಮನೆಗಳಲ್ಲಿ ಶಾಲೆಯ ಮಕ್ಕಳು ಉಳಿಯುತ್ತಾರೆ. ಉದ್ಯೋಗ ಖಾತರಿ 2006ರ ಫೆಬ್ರುವರಿಯಲ್ಲಿ ದೇಶದ ಮೊದಲ 200 ಜಿಲ್ಲೆಗಳಲ್ಲಿ ಶುರುವಾದಾಗ ರಾಯಚೂರು ಅದರಲ್ಲಿತ್ತು. ಗುಳೆ ನಿಲ್ಲಲಿಲ್ಲ. ಯಾಕೆ ನಿಲ್ಲಲಿಲ್ಲ ಎಂಬ ಪ್ರಶ್ನೆಗೆ ಕಚೇರಿಯ ಉತ್ತರ ಒಂದು ಸಾಲಿನದು: ಅಲ್ಲಿ ಕೂಲಿ ಹೆಚ್ಚು. ಮನೆಗೆ ಹೋಗಿ ಕೇಳಿದರೆ ಉತ್ತರ ಉದ್ದವಾಗುತ್ತದೆ. ಮುಂಗಡ ಒಟ್ಟಿಗೆ ಕೈಗೆ ಬರುತ್ತದೆ, ಅದರಿಂದ ಮದುವೆಯ ಸಾಲ ತೀರುತ್ತದೆ. ಖಾತರಿಯ ಕೂಲಿ ಖಾತೆಗೆ ಯಾವಾಗ ಬೀಳುತ್ತದೋ ತಿಳಿಯದು. ಹೋದವರಲ್ಲಿ ಕೆಲವರು ಊರಲ್ಲಿ ಮನೆ ಕಟ್ಟಿದ್ದಾರೆ, ಅದನ್ನು ನೋಡಿ ಪಕ್ಕದವರೂ ಹೊರಡುತ್ತಾರೆ. ಇನ್ನೂ ಒಂದು ಕಾರಣವನ್ನು ಜನ ತಗ್ಗಿದ ದನಿಯಲ್ಲಿ ಹೇಳುತ್ತಾರೆ: ಬೆಂಗಳೂರಲ್ಲಿ ಯಾರೂ ಜಾತಿ ಕೇಳಿ ಲೋಟ ಬೇರೆ ಇಡುವುದಿಲ್ಲ. ಈ ಕಾರಣ ಯಾವ ಇಲಾಖೆಯ ನಮೂನೆಯಲ್ಲೂ ಕಾಲಂ ಆಗಿಲ್ಲ.

ಅಂಕಿಗಳನ್ನು ಓದುವ ಕಲೆ ಬೇಕಾಗುವುದು ಇಲ್ಲೇ. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 19,28,812. ಸಾಕ್ಷರತೆ ಶೇ 59.56, ಮಹಿಳೆಯರಲ್ಲಿ ಶೇ 48.73. ಪರಿಶಿಷ್ಟ ಪಂಗಡದವರು ಶೇ 19ರಷ್ಟು. ದೇವದುರ್ಗ, ಮಾನ್ವಿ, ರಾಯಚೂರು ಗ್ರಾಮೀಣ ಮೂರೂ ವಿಧಾನಸಭಾ ಕ್ಷೇತ್ರಗಳು ಪಂಗಡಕ್ಕೆ ಮೀಸಲಾಗಿರುವುದರ ಹಿಂದೆ ಈ ಪ್ರಮಾಣವಿದೆ. ಲಿಂಗಾನುಪಾತ ಸಾವಿರಕ್ಕೆ ಸಾವಿರ. ಕೇಳಲು ಸೊಗಸು. ಆದರೆ ಎಣಿಕೆ ನಡೆದದ್ದು ಫೆಬ್ರುವರಿಯಲ್ಲಿ, ಗುಳೆಯ ಕಾಲದಲ್ಲಿ. ಎಷ್ಟು ಮನೆಗೆ ಬೀಗವಿತ್ತು, ಯಾರು ಎಲ್ಲಿ ಎಣಿಕೆಯಾದರು, ಯಾರು ಎಲ್ಲಿಯೂ ಆಗಲಿಲ್ಲ ಎಂದು ಕೇಳದೆ ಆ ಸಾವಿರವನ್ನು ಸಂಭ್ರಮಿಸಲು ಬರುವುದಿಲ್ಲ. ಮುಂದಿನ ಜನಗಣತಿಯ ಎಣಿಕೆಯೂ 2027ರ ಫೆಬ್ರುವರಿಗೇ ನಿಗದಿಯಾಗಿದೆ, ಈ ಸಲ ಜಾತಿಯ ಲೆಕ್ಕದೊಂದಿಗೆ. ಬೀಗ ಹಾಕಿದ ಮನೆಗಳ ಬಗ್ಗೆ ಆಗ ಮಾತಾಡಬೇಕಾದವರು ಇಲ್ಲಿಯ ಸಮಾಜ ವಿಜ್ಞಾನ ವಿಭಾಗಗಳವರೇ.

ಹೋಲಿಕೆಯ ತೊಡಕು ಇನ್ನೊಂದು. ರಾಯಚೂರಿನಿಂದ ಕೊಪ್ಪಳ 1997ರಲ್ಲಿ ಬೇರೆಯಾಯಿತು. 2018ರಲ್ಲಿ ಸಿರವಾರ, ಮಸ್ಕಿ ಹೊಸ ತಾಲ್ಲೂಕುಗಳಾದವು. ಮಾನ್ವಿಯ ದೊಡ್ಡ ತುಂಡು ಸಿರವಾರಕ್ಕೆ ಹೋಯಿತು. ನಂಜುಂಡಪ್ಪ ವರದಿಯ ಮಾನ್ವಿ ಬೇರೆ, ಇವತ್ತಿನ ಮಾನ್ವಿ ಬೇರೆ. 'ಇಪ್ಪತ್ತು ವರ್ಷದಲ್ಲಿ ಮಾನ್ವಿ ಎಷ್ಟು ಮುಂದೆ ಬಂತು' ಎಂದು ಕೇಳುವವರು ಮೊದಲು ಹಳ್ಳಿ ಹಳ್ಳಿಯ ಅಂಕಿಗಳನ್ನು ಹಳೆಯ ಗಡಿಗೆ ಜೋಡಿಸಿಕೊಳ್ಳಬೇಕು. ಬೇಸರದ ಕೆಲಸ, ನಿಜ. ಪ್ರಾದೇಶಿಕ ಅಸಮತೋಲನವನ್ನು ಮತ್ತೆ ಅಳೆಯಲು ಸರ್ಕಾರ 2024ರಲ್ಲಿ ಅರ್ಥಶಾಸ್ತ್ರಜ್ಞ ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಹೊಸ ಸಮಿತಿ ರಚಿಸಿತು. ಅಂಥ ಸಮಿತಿಗಳ ಮುಂದೆ ಮನವಿ ಪತ್ರ ಇಡುವವರು ನಮ್ಮಲ್ಲಿ ಬಹಳ. ಲೆಕ್ಕ ಇಡುವವರು ಕಡಿಮೆ.

ಮಾನವ ಅಭಿವೃದ್ಧಿಯ ಅಂಕಿಗಳನ್ನೂ ನೋಡಿ. ರಾಜ್ಯದ 2005ರ ವರದಿಯ ಪ್ರಕಾರ 2001ರಲ್ಲಿ ರಾಯಚೂರಿನ ಸೂಚ್ಯಂಕ 0.547, ರಾಜ್ಯದ್ದು 0.650; 27 ಜಿಲ್ಲೆಗಳಲ್ಲಿ ಕೊನೆಯ ಸ್ಥಾನ. ಹತ್ತು ವರ್ಷಕ್ಕೆ ಹಿಂದಿನ ಅಂಕ 0.443; ಆಗಲೂ ಕೊನೆಯದೇ. ಏರಿಕೆ ಆಗಿತ್ತು, ಸ್ಥಾನ ಬದಲಾಗಲಿಲ್ಲ. ಆದರೆ ಸೂಚ್ಯಂಕ ಮಗುವನ್ನು ತೂಗುವುದಿಲ್ಲ. 2011ರಲ್ಲಿ ರಾಯಚೂರು ಜಿಲ್ಲೆಯ, ಅದರಲ್ಲೂ ದೇವದುರ್ಗ ಭಾಗದ ಅಪೌಷ್ಟಿಕ ಮಕ್ಕಳ ಸಾವುಗಳು ಹೊರಗೆ ಬಂದದ್ದು ವರದಿಗಾರರಿಂದ, ಹಳ್ಳಿಯಲ್ಲಿ ದುಡಿಯುವ ಸಂಘಟನೆಗಳಿಂದ. ಆಮೇಲೆ ಹೈಕೋರ್ಟ್, ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಸಮಿತಿ, 2012ರ ವರದಿ. ಎಲ್ಲವೂ ಬೇಕಿತ್ತು. ಆದರೆ ಈ ಸರಣಿಯಲ್ಲಿ ವಿಶ್ವವಿದ್ಯಾಲಯದ ಹೆಸರು ಎಲ್ಲೂ ಮೊದಲಿಗೆ ಬರುವುದಿಲ್ಲ. ಅಂಗನವಾಡಿಯ ತೂಕದ ಪುಸ್ತಕವನ್ನು ಅದೇ ಮನೆಯ ಗುಳೆಯ ತಿಂಗಳುಗಳ ಜೊತೆ, ತಾಯಿಯ ವಯಸ್ಸಿನ ಜೊತೆ ಇಟ್ಟು ಓದುವುದು ಸಮಾಜಶಾಸ್ತ್ರದ ಎರಡನೇ ವರ್ಷದ ವಿದ್ಯಾರ್ಥಿಗೂ ಸಾಧ್ಯವಿದ್ದ ಕೆಲಸ. ಸಮಾಜ ವಿಜ್ಞಾನದ ಸೋಲನ್ನು ಎಲ್ಲಿಯಾದರೂ ದಾಖಲಿಸುವುದಿದ್ದರೆ ಇಲ್ಲಿ ದಾಖಲಿಸಬೇಕು.

ದೇವದಾಸಿ ಪದ್ಧತಿಯ ವಿಷಯದಲ್ಲೂ ಇಷ್ಟೇ. 1982ರ ಕಾನೂನು ಮುತ್ತು ಕಟ್ಟುವುದನ್ನು ನಿಷೇಧಿಸಿತು. 1993–94 ಮತ್ತು 2007–08ರ ಸಮೀಕ್ಷೆಗಳು ರಾಯಚೂರೂ ಸೇರಿದಂತೆ 14 ಜಿಲ್ಲೆಗಳಲ್ಲಿ ಒಟ್ಟು 46,660 ಮಹಿಳೆಯರನ್ನು ಗುರುತಿಸಿದವು. ಪಿಂಚಣಿ, ನಿವೇಶನಕ್ಕೆ ಆ ಪಟ್ಟಿಯೇ ಆಧಾರವಾಯಿತು. ಪಟ್ಟಿಯಿಂದ ಬಿಟ್ಟುಹೋದವರಿಗೆ ಕಾನೂನಿನ ದೃಷ್ಟಿಯಲ್ಲಿ ಅಸ್ತಿತ್ವವಿರಲಿಲ್ಲ. ಎಣಿಕೆಯಾಗುವುದು ಅನ್ನದ ಪ್ರಶ್ನೆಯೂ ಹೌದು ಎಂಬುದನ್ನು ನಮ್ಮ ವಿದ್ಯಾರ್ಥಿಗಳಿಗೆ ವಿವರಿಸಲು ಬೇರೆ ಪಠ್ಯ ಬೇಡ.

ಕನ್ನಡದಲ್ಲಿ ಸಮಾಜ ವಿಜ್ಞಾನ ಬರೆಯಬಹುದು ಎಂಬ ಧೈರ್ಯ ನಮಗೆ ಬಂದದ್ದು ನದಿಯ ಆಚೆ ದಂಡೆಯಿಂದ, 1991ರಲ್ಲಿ ಸ್ಥಾಪನೆಯಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ. ಅಲ್ಲಿಯ ಅಭಿವೃದ್ಧಿ ಅಧ್ಯಯನ ವಿಭಾಗದಲ್ಲಿದ್ದ ಟಿ.ಆರ್. ಚಂದ್ರಶೇಖರ ಅವರು ಅಭಿವೃದ್ಧಿ, ಲಿಂಗಸಂಬಂಧ, ಪ್ರಾದೇಶಿಕ ಅಸಮಾನತೆಯ ಬಗ್ಗೆ ಕೋಷ್ಟಕ ಸಮೇತ ಕನ್ನಡದಲ್ಲೇ ಬರೆದರು. ಇಂಗ್ಲಿಷ್ ವರದಿಯ ಸಾರವನ್ನು ಹೋರಾಟಗಾರನಿಗೂ ಕಾಲೇಜು ಮೇಷ್ಟ್ರಿಗೂ ತಲುಪಿಸಿದ ಇಂಥ ಬರಹಗಳ ಋಣ ದೊಡ್ಡದು.

ಇನ್ನು ನಮ್ಮದೇ ವಿಶ್ವವಿದ್ಯಾಲಯ. 2020ರಲ್ಲಿ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆಗೆ ತಿದ್ದುಪಡಿಯಾಗಿ, ರಾಯಚೂರು ಮತ್ತು ಯಾದಗಿರಿ ಜಿಲ್ಲೆಗಳ ವ್ಯಾಪ್ತಿಯ ರಾಯಚೂರು ವಿಶ್ವವಿದ್ಯಾಲಯ ಯರಗೇರಾದ ಸ್ನಾತಕೋತ್ತರ ಕೇಂದ್ರದ ಆವರಣದಲ್ಲೇ ಅಸ್ತಿತ್ವಕ್ಕೆ ಬಂತು. ಮೊದಲ ಕುಲಪತಿ ಹರೀಶ್ ರಾಮಸ್ವಾಮಿ ಧಾರವಾಡದಲ್ಲಿ ರಾಜ್ಯಶಾಸ್ತ್ರ ಕಲಿಸಿದವರು. 2018ರಲ್ಲಿ ಕೇಂದ್ರ ಸರ್ಕಾರ ಕರ್ನಾಟಕದಿಂದ 'ಮಹತ್ವಾಕಾಂಕ್ಷೆಯ ಜಿಲ್ಲೆ'ಗಳೆಂದು ಆರಿಸಿದ್ದು ಎರಡನ್ನೇ, ರಾಯಚೂರು ಮತ್ತು ಯಾದಗಿರಿ. ಆ ಎರಡೂ ಈ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುತ್ತವೆ. ಸಮಾಜ ವಿಜ್ಞಾನಿಗೆ ಇದಕ್ಕಿಂತ ದೊಡ್ಡ ಜವಾಬ್ದಾರಿ ರಾಜ್ಯದಲ್ಲಿ ಬೇರೆಲ್ಲೂ ಇಲ್ಲ. ನಗರದಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ, ಐಐಐಟಿ ಇದೆ. ಐಐಟಿ 2016ರಲ್ಲಿ ಧಾರವಾಡಕ್ಕೆ ಹೋದ ನೋವು ಇನ್ನೂ ಇದೆ, ಏಮ್ಸ್‌ಗಾಗಿ 2022ರಿಂದ ಹೋರಾಟ ನಡೆದಿದೆ. ಆದರೆ ದೇವದುರ್ಗದ ತಾಂಡಾದ ಹುಡುಗಿ ಮನೆಯಿಂದ ಬಸ್ಸಿನಲ್ಲಿ ಬಂದು ಎಂ.ಎ. ಓದಬಹುದಾದದ್ದು ಯರಗೇರಾದಲ್ಲಿ. ಖಾಯಂ ಅಧ್ಯಾಪಕರ ಕೊರತೆ, ಅತಿಥಿ ಉಪನ್ಯಾಸಕರ ಮೇಲೆ ನಡೆಯುವ ವಿಭಾಗಗಳು, ಪುಸ್ತಕ ಕಡಿಮೆಯಿರುವ ಗ್ರಂಥಾಲಯ ಇವೆಲ್ಲ ರಾಜ್ಯದ ಹೊಸ ವಿಶ್ವವಿದ್ಯಾಲಯಗಳ ಪಾಡು. ಅದನ್ನೇ ನೆಪ ಮಾಡಿಕೊಂಡರೆ ನಮ್ಮನ್ನು ಕುರಿತ ಮುಂದಿನ ಒಳ್ಳೆಯ ಪುಸ್ತಕವೂ ವ್ಯಾಖೆನಿಂಗನ್‌ನಿಂದಲೇ ಬರುತ್ತದೆ.

ಆ ಹುಡುಗಿಗೆ ಮೊಲಿಂಗಾಗೂ ನಂಜುಂಡಪ್ಪನವರಿಗೂ ಇಲ್ಲದ ಅನುಕೂಲವಿದೆ. ಕನ್ನಡ, ತೆಲುಗು, ದಖನಿ ಮೂರೂ ಕಿವಿಗೆ ಗೊತ್ತು. 'ವಾರ್ಷಿಕ ಆದಾಯ ಎಷ್ಟು' ಎಂಬ ಪ್ರಶ್ನೆಗೆ ಯಾರೂ ನಿಜ ಹೇಳುವುದಿಲ್ಲ. ಎಷ್ಟು ಚೀಲ ಬಂತು, ಅಂಗಡಿಯ ಉದ್ರಿ ಎಷ್ಟಿದೆ, ಯಾರು ಗುಳೆ ಹೋದರು, ಸಂಘದ ಕಂತು ಯಾವ ವಾರ ಎಂದು ಕೇಳಬೇಕೆಂಬುದು ಅವಳಿಗೆ ಯಾರೂ ಕಲಿಸದೆ ಗೊತ್ತು. ಸಂಶೋಧನಾ ವಿಧಾನದ ಪಾಠ ಹೇಳುವವರು ಈ ಜ್ಞಾನಕ್ಕೆ ಅಂಕ ಕೊಡಬೇಕು. ಆದರೆ ಅದರಲ್ಲೇ ಒಂದು ಅಪಾಯವೂ ಇದೆ. ಸ್ವಂತ ಊರಿನ ಜಾತಿ–ಬಣಗಳ ಒಳಗೆ ಇರುವವರಿಗೆ ತಮ್ಮ ಓಣಿ ಕಾಣುತ್ತದೆ, ಪಕ್ಕದ ಓಣಿ ಕಾಣುವುದಿಲ್ಲ. ಹೊರಗಿನವರ ಅಳತೆ ಬೇಕಾಗುವುದು ಆಗ. 0.53 ಅನ್ನು ನಾವೇ ತೆಗೆದಿದ್ದರೆ ಬೆಂಗಳೂರು ನಂಬುತ್ತಿತ್ತೇ ಎಂಬ ಪ್ರಶ್ನೆಯೂ ಉಳಿಯುತ್ತದೆ.

ಕೊನೆಯದಾಗಿ ಓದುಗರಲ್ಲಿ ಎರಡು ವಿನಂತಿ. ಎಂ.ಎ. ವಿದ್ಯಾರ್ಥಿಗಳು ವರ್ಷವರ್ಷ ಬರೆಯುವ ಕಿರುಪ್ರಬಂಧಗಳು ಮೌಲ್ಯಮಾಪನ ಮುಗಿದ ಮೇಲೆ ಕಪಾಟು ಸೇರುತ್ತವೆ, ಆಮೇಲೆ ರದ್ದಿಗೆ ಹೋಗುತ್ತವೆ. ಅಧ್ಯಾಪಕರು ಪ್ರತಿಯೊಂದರ ಒಂದು ಪ್ರತಿಯನ್ನು ಆಯಾ ಗ್ರಾಮ ಪಂಚಾಯಿತಿಗೆ, ಇನ್ನೊಂದನ್ನು ಯರಗೇರಾದ ಗ್ರಂಥಾಲಯಕ್ಕೆ ತಲುಪಿಸಲಿ. ಮಾನ್ವಿ, ದೇವದುರ್ಗ, ರಾಯಚೂರಿನ ಮನೆಗಳಲ್ಲಿ ನಿಜಾಮರ ಕಾಲದ ಉರ್ದು ಪಹಣಿ, ಕಾಲುವೆ ಸಂಘದ ಹಾಜರಿ ಪುಸ್ತಕ, ಮೇಸ್ತ್ರಿಯ ಮುಂಗಡದ ಚೀಟಿ, ಹತ್ತಿ ಅಡತಿಯ ಲೆಕ್ಕ ಏನೇ ಇದ್ದರೂ ಹಳೆಯ ಕಾಗದವೆಂದು ಸುಡಬೇಡಿ. ಹತ್ತಿರದ ಕಾಲೇಜಿನ ಇತಿಹಾಸ ಅಥವಾ ಅರ್ಥಶಾಸ್ತ್ರ ವಿಭಾಗದವರನ್ನು ಮನೆಗೆ ಕರೆದು ತೋರಿಸಿ, ನಕಲು ಮಾಡಿಕೊಳ್ಳಲು ಕೊಡಿ.